ಕತ್ತರಿಸಿದ ಮಾತ್ರೆ ಪಟ್ಟಿ

ತುಮಕೂರು, ಬಿ.ಎಚ್. ರಸ್ತೆ. ಮೆಡಿಕಲ್ ಶಾಪಿನಲ್ಲಿ ನನ್ನ ಮುಂದೆ ನಿಂತಿದ್ದ ಅಜ್ಜಿ, “ಬಿಪಿ ಮಾತ್ರೆ ಐದು ಕೊಡಪ್ಪ” ಅಂದರು. ಅಂಗಡಿಯವನು ಹತ್ತರ ಪಟ್ಟಿಯನ್ನು ಕತ್ತರಿಯಿಂದ ಎರಡು ಮಾಡಿದ. ಮಾತ್ರೆಯ ಹೆಸರು, ತಾರೀಖು ಇದ್ದ ತುಂಡು ಡಬ್ಬಕ್ಕೆ ಹೋಯಿತು, ಏನೂ ಬರೆಯದ ತುಂಡು ಅಜ್ಜಿಯ ಎಲೆಅಡಿಕೆ ಚೀಲಕ್ಕೆ. ಐದು ದಿನ ಆದ ಮೇಲೆ? “ತಲೆ ಸುತ್ತಿದ್ರೆ ಬರ್ತೀನಿ.”

ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿ ಮಾತ್ರೆಗೆ ಕಾಸಿಲ್ಲ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸೂ ಪುಕ್ಕಟೆ. ಮತ್ತೇಕೆ ಹೋಗುವುದಿಲ್ಲ? ಕೇಳಿದೆ. “ಸಾಲಲ್ಲಿ ನಿಂತ್ರೆ ಆವತ್ತಿನ ಕೂಲಿ ಯಾರು ಕೊಡ್ತಾರೆ?” ನನ್ನ ಲೆಕ್ಕದಲ್ಲಿ ಕೂಲಿಯೇ ಇರಲಿಲ್ಲ.

ಗುಬ್ಬಿ. ಅಡಿಕೆ ಸುಲಿಯುವ ಕಾಲ. ಸಕ್ಕರೆ ಕಾಯಿಲೆಯ ಅಕ್ಕ ಒಬ್ಬರು ಮಾತ್ರೆ ಉಷ್ಣ ಅಂತ ಬಿಟ್ಟು ಬಿಟ್ಟು ನುಂಗುತ್ತಾರೆ. ರಕ್ತ ಪರೀಕ್ಷೆಗೆ ಮೂರು ದಿನ ಇದೆ ಅನ್ನುವಾಗ ಮಾತ್ರ ಚಾಚೂ ತಪ್ಪುವುದಿಲ್ಲ, ಮುದ್ದೆಯೂ ಅರ್ಧ. “ಇಲ್ದಿದ್ರೆ ಡಾಕ್ಟ್ರು ಬೈತಾರೆ.” ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯೊಂದು ಬಂದಿದೆ ಎಂದು ಹೇಳಲು ಬಾಯಿ ಬರಲಿಲ್ಲ. ಕಾಯಿಲೆಗಿಂತ ಬೈಗುಳಕ್ಕೆ ಹೆದರುವವರಿಗೆ ಔಷಧಿ ಯಾವುದೋ!

ಓದಿಲ್ಲದವರ ಪಾಡು ಅನ್ನೋಣವೆಂದರೆ ಅದೂ ಆಗದು. ದೀರ್ಘಕಾಲದ ಕಾಯಿಲೆಯವರಲ್ಲಿ ಹೇಳಿದಂತೆ ಔಷಧಿ ತೆಗೆದುಕೊಳ್ಳುವವರು ಶ್ರೀಮಂತ ದೇಶಗಳಲ್ಲೂ ಸರಾಸರಿ ಅರ್ಧದಷ್ಟೇ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಬರೆದಿತ್ತು.

ಕುಣಿಗಲ್. ಕ್ಷಯದ ಮಾತ್ರೆ ಆರು ತಿಂಗಳದ್ದು. ಕೆಮ್ಮು, ಜ್ವರ ಕೆಲವೇ ವಾರಕ್ಕೆ ಇಳಿಯುತ್ತವೆ. ಕಷ್ಟ ಶುರುವಾಗುವುದು ಅಲ್ಲಿಂದ. ಅಲ್ಲಿ ಕಂಡ ಹುಡುಗನೊಬ್ಬ ಮೂರನೇ ತಿಂಗಳಿಗೆ ನಿಲ್ಲಿಸಿದ್ದ. ಮೊದಲ ವಾರವೇ ಮೂತ್ರ ಕೆಂಪಗೆ ಹೋಗಿ ಗಾಬರಿಯಾಗಿದ್ದನಂತೆ. ರಿಫಾಂಪಿಸಿನ್ ಎಂಬ ಕ್ಷಯದ ಔಷಧಿಯ ಬಣ್ಣ ಅದು, ಅಪಾಯವಿಲ್ಲ. ಅದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿ 2024ರ ನವೆಂಬರ್‌ನಿಂದ 1,000 ಆಗಿದೆ. ಬಿಟ್ಟಿದ್ದೇಕೆ ಎಂದರೆ ದುಡ್ಡಿನ ಮಾತೇ ಎತ್ತಲಿಲ್ಲ. “ಆಶಾ ಅಕ್ಕ ದಿನಾ ಮನೆ ಹತ್ರ ಬಂದ್ರೆ ಬೀದಿಗೆಲ್ಲಾ ಗೊತ್ತಾಗತ್ತೆ ಸಾರ್. ತಂಗಿಗೆ ಗಂಡು ನೋಡ್ತಿದೀವಿ.”

ಆ ಆಶಾ ಕಾರ್ಯಕರ್ತೆ ಈಗ ಅವನ ಮನೆಗೆ ಹೋಗುವುದಿಲ್ಲ. ಹಾಲಿನ ಡೇರಿ ಹತ್ತಿರ ಸಿಕ್ಕಿ ಮಾತಾಡಿಸುತ್ತಾರೆ. ಮಾತ್ರೆ ಮತ್ತೆ ಶುರುವಾಗಿದೆ.

ಮೆಡಿಕಲ್ ಶಾಪಿನ ಅಣ್ಣಂದಿರಲ್ಲಿ ಒಂದು ಕೇಳಿಕೆ: ಪಟ್ಟಿ ಕತ್ತರಿಸಿ ಕೊಡುವಾಗ ಕವರಿನ ಮೇಲೆ ಮಾತ್ರೆಯ ಹೆಸರನ್ನಾದರೂ ಕನ್ನಡದಲ್ಲಿ ಬರೆದುಕೊಡಿ.