ಮಣ್ಣಿನ ಲೆಕ್ಕ

ಹಾನಗಲ್ಲ ತಾಲೂಕಿನ ಒಂದು ಹಳ್ಳಿ. ಇನ್ನೂ ಬೆಳಕು ಹರಿದಿಲ್ಲ. ಪಡಸಾಲೆಯಲ್ಲಿ ಎಂಬತ್ತು ದಾಟಿದ ಯಜಮಾನರನ್ನು ಗೋಡೆಗೆ ಒರಗಿಸಿ ಕೂಡ್ರಿಸಿದ್ದಾರೆ. ಹಣೆಗೆ ವಿಭೂತಿ, ಎದೆಯ ಮೇಲೆ ಇಷ್ಟಲಿಂಗ, ಕತ್ತು ವಾಲದಂತೆ ಬಿಳಿ ಅರಿವೆಯ ಕಟ್ಟು. ಲಿಂಗಾಯತರ ಸಂಸ್ಕಾರದಲ್ಲಿ ದೇಹ ಕೂತೇ ಮಣ್ಣಿಗೆ ಹೋಗಬೇಕು. ಮೈ ಸೆಟೆಯುವ ಮೊದಲು ಕಾಲು ಮಡಚಬೇಕೆಂಬುದು ಓಣಿಯ ಹಿರಿಯರಿಗೆ ಗೊತ್ತು. ಅಳು ಬೀದಿಗೆ ಕೇಳುವ ಹೊತ್ತಿಗೆ ಆ ಕೆಲಸ ಮುಗಿದಿದೆ.

ನೀವು ಹೊರಗೆ ಕಟ್ಟೆಯ ಹತ್ತಿರ ನಿಂತಿದ್ದೀರಿ. ತೀರಿಕೊಂಡವರ ತಮ್ಮ, ಮಗುವೊಂದರ ಶಾಲೆಯ ನೋಟ್‌ಬುಕ್ಕಿನ ಹಿಂದಿನ ಹಾಳೆ ತೆರೆದು ಕೂತಿದ್ದಾರೆ.

“ಹಿರೇಕೆರೂರ ನಿಮ್ಮ ತಂಗಿಗೆ ಸುದ್ದಿ ಮುಟ್ಟೇತೇನು?”

“ಮುಟ್ಟೇತಿ ಕಾಕಾ. ಮೊದಲನೇ ಬಸ್ಸಿಗೆ ಹತ್ತ್ಯಾಳಂತ.”

“ಸವಣೂರ ಬೀಗರಿಗೆ?”

“ಅವರು ಅರಿವಿ ತಗೊಂಡು ಬರಾಕತ್ತಾರ.”

ಹುಬ್ಬಳ್ಳಿಯ ಕಿರಿಯ ಮಗ ಶಿಗ್ಗಾಂವಿ ದಾಟಿದ್ದಾನೆ. ಇನ್ನು ಬಂಕಾಪುರದಲ್ಲಿ ಹೆದ್ದಾರಿ ಬಿಟ್ಟು ಹಾನಗಲ್ಲ ರಸ್ತೆ ಹಿಡಿಯಬೇಕು. ಹಿರೇಕೆರೂರಿಗೆ ಕೊಟ್ಟ ಮಗಳು ಬಂದು ಮುಖ ನೋಡುವವರೆಗೂ ಎತ್ತುವ ಹಾಗಿಲ್ಲ. ಮಧ್ಯಾಹ್ನ ಮೂರಕ್ಕೆ ಎಂದು ಕಾಕಾ ಬರೆದುಕೊಂಡರು.

ಪಟ್ಟಿ ಬೆಳೆಯುತ್ತದೆ. ದೇಹ ಒಯ್ಯುವ ವಿಮಾನ ಕಟ್ಟಲು ಬಿದಿರು, ಬಾಳೆಕಂಬ, ಹೂವು. ಉಪ್ಪು, ವಿಭೂತಿ, ಬಿಲ್ವಪತ್ರಿ. ಭಜನೆ ಮೇಳ, ಹಲಗೆಯವರು, ಅಯ್ಯನವರ ದಕ್ಷಿಣೆ, ದಾರಿಯಲ್ಲಿ ತೂರಲು ಚುರುಮುರಿ ಮತ್ತು ಚಿಲ್ಲರೆ. ಆದರೆ ದೊಡ್ಡ ಕೆಲಸಗಳು ಈ ಪಟ್ಟಿಯಲ್ಲಿಲ್ಲ. ಕುಣಿ ತೋಡಲು ಓಣಿಯ ಹುಡುಗರು ಗುದ್ದಲಿ, ಸಲಿಕೆ ಹಿಡಿದು ಆಗಲೇ ಹೊಲಕ್ಕೆ ಹೋಗಿದ್ದಾರೆ. ಕುಣಿಯ ಗೋಡೆಯಲ್ಲಿ ದೇಹ ಕೂಡ್ರಿಸುವ ಗೂಡು ಕೊರೆಯುವುದು ಬಲ್ಲವರ ಕೆಲಸ. ಅದಕ್ಕೆ ಯಾರೂ ಕೂಲಿ ಕೇಳುವುದಿಲ್ಲ. ಈ ಮನೆಯಲ್ಲಿ ಇಂದು ಒಲೆ ಹೊತ್ತುವುದಿಲ್ಲ. ರೊಟ್ಟಿ, ಪಲ್ಯ ಅಕ್ಕಪಕ್ಕದ ಮನೆಗಳಲ್ಲಿ ಆಗುತ್ತಿದೆ.

ಇವರಿಗೆ ಸ್ವಂತ ಹೊಲ ಇದೆ. ಹೊಲವಿಲ್ಲದವರಿಗೆ ರುದ್ರಭೂಮಿಯೇ ಗತಿ. ಎಷ್ಟೋ ಕಡೆ ಅಲ್ಲಿಗೆ ದಾರಿಯಿಲ್ಲ, ಇನ್ನೊಬ್ಬರ ಪೈರು ತುಳಿದು ಹೆಣ ಹೊರಬೇಕು. ಇದು ನಾಚಿಕೆಗೇಡು ಎಂದೇ ನನ್ನ ಅನಿಸಿಕೆ.

ಸತ್ತವರ ಮನೆಯ ಭಾರಕ್ಕೆ ಊರು ಹೆಗಲು ಕೊಡುವುದು ಈ ಸೀಮೆಗೆ ಹೊಸದಲ್ಲ. ಹಾನಗಲ್ಲಿನ ತಾರಕೇಶ್ವರ ಗುಡಿಯ ಆವರಣದಲ್ಲಿ ವೀರಗಲ್ಲುಗಳಿವೆ. ಕಾದಿ ಸತ್ತವನ ಮನೆಯವರಿಗೆ ಭೂಮಿ ಬಿಟ್ಟುಕೊಡುವ ಪದ್ಧತಿ ಕನ್ನಡ ನಾಡಿನಲ್ಲಿತ್ತು; ಅದನ್ನು ನೆತ್ತರುಗೊಡಗೆ ಎನ್ನುತ್ತಿದ್ದರು. ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದಲ್ಲಿ 1889ರಲ್ಲಿ ಸಂತ ಕವಿ ಶರೀಫರು ತೀರಿಕೊಂಡಾಗ ಹಿಂದೂಗಳೂ ಮುಸಲ್ಮಾನರೂ ಕೂಡಿ ಮಣ್ಣು ಮಾಡಿದರೆಂದು ಜನ ಇಂದಿಗೂ ಹೇಳುತ್ತಾರೆ. ಅವರ ಗದ್ದುಗೆಗೆ ಇಬ್ಬರೂ ನಡೆದುಕೊಳ್ಳುತ್ತಾರೆ.

ಹಿರಿಯ ಮಗ ಕಾಕಾನ ಪಕ್ಕ ಕುಕ್ಕರಗಾಲಲ್ಲಿ ಕೂತ. ದನಿ ತಗ್ಗಿಸಿದ.

“ಕಾಕಾ, ಮಣ್ಣಿಗೆ ರೊಕ್ಕ ಐತಿ. ಹನ್ನೊಂದನೇ ದಿನಕ್ಕ ಇಲ್ಲ.”

ಎಲ್ಲರಿಗೂ ಗೊತ್ತಿದ್ದದ್ದು ಇದೇ. ಮಣ್ಣು ಮಾಡುವುದು ಒಂದು ದಿನದ ಖರ್ಚು. ಶಿವಗಣಾರಾಧನೆ ಎಂದು ಊರಿಗೆಲ್ಲ ಗೋದಿ ಹುಗ್ಗಿ ಬಡಿಸುವುದು ವರ್ಷಗಟ್ಟಲೆ ತೀರದ ಸಾಲ. ಅಡತಿ ಅಂಗಡಿಯವರು ಮುಂದಿನ ಗೋವಿನಜೋಳದ ಮೇಲೆ ಕೊಟ್ಟಾರು. ಹೆಂಡತಿಯ ಸಂಘದಲ್ಲಿ ಎತ್ತಬಹುದು. ಯಾರೋ ಸರ್ಕಾರದ ಮಾತು ತೆಗೆದರು. ಬಡ ಕುಟುಂಬಗಳಿಗೆ ಅಂತ್ಯಸಂಸ್ಕಾರದ ನೆರವು 1,000 ರೂಪಾಯಿ ಇದ್ದದ್ದು ಮುಂದೆ 5,000 ಆಗಿತ್ತು. ಅದು ಹುಗ್ಗಿಯ ಬೆಲ್ಲ, ತುಪ್ಪಕ್ಕೂ ಸಾಲದು. ರಾಷ್ಟ್ರೀಯ ಕುಟುಂಬ ನೆರವಿನ 20,000 ರೂಪಾಯಿ ಬರುವುದು ದುಡಿಯುವ ಯಜಮಾನ 18ರಿಂದ 59ರ ವಯಸ್ಸಿನೊಳಗೆ ತೀರಿಕೊಂಡರೆ ಮಾತ್ರ.

“ಊರಾಗ ಏನಂತಾರ?” ಎಂದ ಮಗ. “ಅಪ್ಪನ ಹೆಸರಿಲೆ ಒಂದು ತುತ್ತು ಹಾಕಲಿಲ್ಲ ಅಂತಾರ.”

ಹೊಸ್ತಿಲಲ್ಲಿ ನಿಂತಿದ್ದ ಅವ್ವನಿಗೆ ಕೇಳಿಸಿತು.

“ನಿಮ್ಮಪ್ಪ ಇದ್ದಷ್ಟು ದಿನ ಬಡ್ಡಿ ಕಟ್ಟಿದ್ರು. ಸತ್ತಮ್ಯಾಲೂ ಅವರ ಹೆಸರಿಲೆ ಬಡ್ಡಿ ಬ್ಯಾಡ. ಅಯ್ಯನವರಿಗೆ ಊಟಕ್ಕ ಹಾಕ್ರಿ, ಓಣಿ ಮಂದಿಗೆ ಅನ್ನಾ ಸಾರು ಮಾಡ್ರಿ. ನಿಮ್ಮಪ್ಪನೂ ಅದನ್ನ ಹೇಳ್ಯಾರ.”

ಕಾಕಾ ತಲೆ ಎತ್ತಿದರು. “ಹೌದು. ನನ್ನ ಮುಂದನೂ ಹೇಳಿದ್ದ.” ಅವರು ಹನ್ನೊಂದನೇ ದಿನದ ಮುಂದೆ ಬರೆದಿದ್ದನ್ನು ಹೊಡೆದುಹಾಕಿದರು. ಮಗನ ಭುಜ ಇಳಿಯಿತು. ಆಗ ಅವನಿಗೆ ಅಳು ಬಂತು.

ಮೂರು ಗಂಟೆಗೆ ವಿಮಾನ ಎದ್ದಿತು. ಹಲಗೆಯ ಸದ್ದು, ಅದರ ಹಿಂದೆ ಭಜನೆ. ಹಿರೇಕೆರೂರಿನ ಮಗಳನ್ನು ಇಬ್ಬರು ಹಿಡಿದುಕೊಂಡಿದ್ದಾರೆ. ಹೊಲದ ಬದುವಿನ ಮೇಲೆ ನೀವೂ ನಿಂತು ನೋಡುತ್ತೀರಿ: ದೇಹವನ್ನು ಗೂಡಿನಲ್ಲಿ ಕೂಡ್ರಿಸುತ್ತಾರೆ, ಲಿಂಗ ಅಂಗೈಗೆ ಬರುತ್ತದೆ, ಸುತ್ತ ಪತ್ರಿ, ವಿಭೂತಿ, ಉಪ್ಪು. ಒಬ್ಬೊಬ್ಬರೂ ಒಂದು ಹಿಡಿ ಮಣ್ಣು ಹಾಕುತ್ತಾರೆ. ನೀವೂ ಹಾಕುತ್ತೀರಿ.

ಮರಳುವಾಗ ಕಾಕಾ ಕಿರಿಯವನಿಗೆ ಹೇಳುತ್ತಾರೆ: “ಮರಣ ದಾಖಲೆ ಬರೆಸೂದು ಮರೀಬ್ಯಾಡ.” 21 ದಿನದೊಳಗೆ ಬರೆಸಿದರೆ ಶುಲ್ಕವಿಲ್ಲ. ತಡವಾದರೆ ದಂಡ, ಅಲೆದಾಟ. ಆ ಕಾಗದವಿಲ್ಲದೆ ಹೊಲದ ವಾರಸಾ ಆಗುವುದಿಲ್ಲ.

ಮನೆಯ ಹಿರಿಯರೇ, ನಿಮ್ಮ ಹೆಸರಿನ ಊಟ ಎಷ್ಟಿರಬೇಕೆಂದು ನೀವೇ ಈಗಲೇ ಹೇಳಿಬಿಡಿ. ಮಕ್ಕಳ ಮುಂದಷ್ಟೇ ಹೇಳಿದರೆ ಸಾಲದು, ಊರಿನ ಇನ್ನೊಬ್ಬ ಹಿರಿಯರ ಮುಂದೆಯೂ ಹೇಳಿ. ಆ ಮಾತನ್ನು ನಿಮ್ಮ ಮಕ್ಕಳು ತಾವಾಗಿ ಆಡಲಾರರು.