ಜಾಮೀನು

ನಮ್ಮ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ ಮಿತ್ರರೊಬ್ಬರಿದ್ದಾರೆ. ನಾನು ಪದ್ಯದ ಮಾತೆತ್ತಿದರೆ ಅವರು ಬಂಡವಾಳದ ಮಾತೆತ್ತುತ್ತಾರೆ. ಮೊನ್ನೆ ಚಹ ಕುಡಿಯುತ್ತ, "ಗದ್ದೆ, ಹಣ ಇದ್ದ ಹಾಗೆ ನೆರೆಹೊರೆಯ ನಂಬಿಕೆಯೂ ಒಂದು ಬಂಡವಾಳವೇ" ಎಂದರು. ಅಮೆರಿಕದಲ್ಲಿ ಹಳ್ಳಿಶಾಲೆಗಳನ್ನು ನೋಡಿಕೊಳ್ಳುತ್ತಿದ್ದ ಹನಿಫಾನ್ ಎಂಬಾತ ೧೯೧೬ರಷ್ಟು ಹಿಂದೆಯೇ ಇದಕ್ಕೆ 'ಸಾಮಾಜಿಕ ಬಂಡವಾಳ' ಎಂದು ಹೆಸರಿಟ್ಟನಂತೆ. ಮಾತೇನೋ ಸೊಗಸಾಗಿದೆ. ಆದರೆ ಆ ಬಂಡವಾಳ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬುದನ್ನು ೨೦೦೯ರಲ್ಲಿ ಒಂದು ಸಹಕಾರಿ ಸಂಘದ ಜಗಲಿಯ ಮೇಲೆ ನಾನು ಕಣ್ಣಾರೆ ಕಂಡಿದ್ದೆ.

ಆಗ ನಾನು ಉತ್ತರ ಕನ್ನಡ ಜಿಲ್ಲೆಯ ಕಾಲೇಜೊಂದಕ್ಕೆ ಹೊಸದಾಗಿ ಬಂದಿದ್ದೆ. ನನ್ನ ತರಗತಿಯಲ್ಲಿ ಸಿದ್ದಿಯರ ಹುಡುಗಿಯೊಬ್ಬಳಿದ್ದಳು. ಸಿದ್ದಿಯರ ಹಿರೀಕರು ಆಫ್ರಿಕದವರು. ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಡೆ ಇಂದಿಗೂ ಅವರ ಕೇರಿಗಳಿವೆ. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸಲ್ಮಾನರಿದ್ದಾರೆ. ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಅವರ ಹೆಸರು ಸೇರಿದ್ದು ೨೦೦೩ರಲ್ಲಿ.

ಒಮ್ಮೆ ಆ ಹುಡುಗಿಯ ಮನೆಗೆ ಹೋಗಿದ್ದೆ. ಹದಿನಾಲ್ಕೋ ಹದಿನೈದೋ ಮನೆಯ ಕೇರಿ. ಒಂದು ಮನೆಯ ಮಾಡು ಹೊದಿಸಲು ಉಳಿದ ಮನೆಯವರೆಲ್ಲ ಮುಯ್ಯಾಳಾಗಿ ಬಂದಿದ್ದರು. ಬಾಣಂತಿಯ ಮನೆಗೆ ಪಕ್ಕದ ಮನೆಯಿಂದ ಗಂಜಿ ಹೋಗುತ್ತಿತ್ತು. ರಾತ್ರಿ ನನಗೆ ಹೊದೆಯಲು ಕೊಟ್ಟ ಕೌದಿಯಲ್ಲಿ ನಾಲ್ಕು ಮನೆಯ ಹಳೆಯ ಸೀರೆಗಳಿದ್ದವು. ನಮ್ಮ ಪಟ್ಟಣದ ಬೀದಿಯಲ್ಲಿ ಎದುರುಮನೆಯವರ ಹೆಸರು ತಿಳಿಯಲು ನನಗೆ ಎರಡು ವರ್ಷ ಹಿಡಿದಿತ್ತು! ಮಿತ್ರರ ಲೆಕ್ಕದಲ್ಲಿ ಆ ಕೇರಿಯವರು ಸಾಹುಕಾರರೇ ಸರಿ.

ಹುಡುಗಿ ಬಿ.ಎ. ಮುಗಿಸಿ ಬಿ.ಎಡ್.ಗೆ ಹೋಗಬೇಕೆಂದಿದ್ದಳು. ರಜೆಯಲ್ಲಿ ಅವಳು ತರುತ್ತಿದ್ದ ಕೂಲಿ ನಿಂತರೆ ಮನೆ ನಡೆಯುವುದು ಕಷ್ಟ. ಆದ್ದರಿಂದ ತಾಯಿ ಒಂದು ಎಮ್ಮೆ ಕೊಳ್ಳಲು ೧೫,೦೦೦ ರೂಪಾಯಿ ಸಾಲ ಕೇಳಿದಳು. ಸಂಘದವರು, ಜಾಮೀನಿಗೆ ಇಬ್ಬರನ್ನು ಕರೆತರಬೇಕು ಎಂದರು. ತಾಯಿ ಹನ್ನೊಂದು ಜನರನ್ನು ಕರೆತಂದಳು. ಬೆಳಗಿನ ಬಸ್ಸಿಗೇ ಬಂದು, ದಿನದ ಕೂಲಿ ಬಿಟ್ಟು, ಒಗೆದ ಬಟ್ಟೆ ತೊಟ್ಟು ಅವರೆಲ್ಲ ಜಗಲಿಯ ಮೇಲೆ ಸಾಲಾಗಿ ಕುಳಿತಿದ್ದರು.

ಗುಮಾಸ್ತ ಕನ್ನಡಕ ಸರಿಪಡಿಸಿಕೊಂಡು, "ಯಾರ ಹೆಸರಲ್ಲಿ ಪಹಣಿ ಇದೆ? ಯಾರಿಗೆ ಸಂಬಳ ಚೀಟಿ ಇದೆ?" ಎಂದು ಕೇಳಿದ. ಒಬ್ಬರಿಗೂ ಇರಲಿಲ್ಲ. ತಾಯಿ ನನ್ನ ಕಡೆ ತಿರುಗಿ, "ಇಷ್ಟು ಜನ ಬಂದಾರಲ್ಲ ಮಾಸ್ತರೇ, ಇನ್ನೂ ಬೇಕಾ?" ಎಂದಳು. ಜನ ಸಾಲದೆಂದು ಅವಳು ತಿಳಿದಿದ್ದಳು! ಹನ್ನೊಂದು ಸೊನ್ನೆ ಕೂಡಿದರೂ ಸೊನ್ನೆಯೇ ಎಂಬ ಆ ಕಚೇರಿಯ ಗಣಿತವನ್ನು ಅವಳಿಗೆ ವಿವರಿಸಲು ನನಗೆ ಬಾಯಿ ಬರಲಿಲ್ಲ.

ಕಾಲೇಜಿನ ಹಳೆಯ ಜವಾನರೊಬ್ಬರು ಮುಂದೆ ಬಂದು ಒಂದು ರುಜು ಹಾಕುವುದಾಗಿ ಹೇಳಿದರು. ಇನ್ನೊಂದು ಬೇಕಿತ್ತು. ಸಂಬಳ ಚೀಟಿ ನನ್ನ ಜೇಬಿನಲ್ಲೇ ಇತ್ತು. ಹುಡುಗಿ ಕೇಳಲಿಲ್ಲ, ಸುಮ್ಮನೆ ನೋಡಿದಳು. "ಮುಂದಿನ ವಾರ ನೋಡೋಣ" ಎಂದೆ. ಆ ಮುಂದಿನ ವಾರ ಬರಲೇ ಇಲ್ಲ. ಹುಡುಗಿ ಆ ವರ್ಷ ಬಿ.ಎಡ್.ಗೆ ಹೋಗಲಿಲ್ಲ, ಅಡಿಕೆ ಸುಲಿಯಲು ಹೋದಳು.

ಹೊಸ ಕೆಲಸ, ಸ್ಕೂಟರಿನ ಸಾಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಅದೇ ವರ್ಷ ಸೋದರಮಾವನ ಮಗನ ಸಾಲಕ್ಕೆ ಎರಡು ಮಾತಾಡದೆ ರುಜು ಹಾಕಿದ್ದೆನಲ್ಲ! ಅವನು ಕಂತು ತಪ್ಪಿಸಿ, ನನ್ನ ಸಂಬಳದಿಂದಲೇ ಕಟ್ಟಬೇಕಾಯಿತು. 'ಇವನು ತೀರಿಸುತ್ತಾನೆಯೇ?' ಎಂಬ ಪ್ರಶ್ನೆ ಅವನ ವಿಷಯದಲ್ಲಿ ನನಗೆ ಏಳಲಿಲ್ಲ, ಅವಳ ವಿಷಯದಲ್ಲಿ ಎದ್ದಿತು. ನಿಜವಾದ ಕಾರಣ ಇದೇ. ಬರೆಯಲು ನಾಚಿಕೆಯಾಗುತ್ತದೆ.

ಗ್ರಾನೊವೆಟ್ಟರ್ ಎಂಬ ಸಮಾಜಶಾಸ್ತ್ರಜ್ಞ ೧೯೭೩ರಲ್ಲಿ ಒಂದು ಸಂಗತಿಯನ್ನು ತೋರಿಸಿಕೊಟ್ಟ. ಜನರಿಗೆ ಕೆಲಸದ ಸುದ್ದಿ ಹೆಚ್ಚಾಗಿ ಬರುವುದು ಆಪ್ತರಿಂದಲ್ಲ, ದೂರದ ಪರಿಚಯದವರಿಂದ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದಷ್ಟೆ. ನನ್ನ ವಿಷಯದಲ್ಲಂತೂ ಇದು ನಿಜ. ಈ ಕಾಲೇಜಿನಲ್ಲಿ ಜಾಗ ಖಾಲಿಯಿದೆ ಎಂದು ತಿಳಿಸಿದವರು ತಂದೆಯ ಪರಿಚಯದ ನಿವೃತ್ತ ಹೆಡ್‌ಮಾಸ್ತರರು. ನಾನು ಅದನ್ನೆಲ್ಲ ನನ್ನ ಯೋಗ್ಯತೆ ಎಂದು ತಿಳಿದಿದ್ದೆ. ಸಿದ್ದಿಯರ ಕೇರಿಯಲ್ಲಿ ಆಪ್ತರಿಗೆ ಕೊರತೆಯಿರಲಿಲ್ಲ. ಕಚೇರಿಯ ಮೇಜಿನ ಆಚೆ ಪರಿಚಯದವರು ಒಬ್ಬರೂ ಇರಲಿಲ್ಲ. ಇದ್ದವನು ನಾನೊಬ್ಬ, ನಾನು ಹಿಂದೆ ಸರಿದೆ.

ಹುಡುಗಿ ಮಾತ್ರ ಹಿಂದೆ ಸರಿಯಲಿಲ್ಲ. ಮರುವರ್ಷ ಕೇರಿಯವರು ಕೂಲಿಯಲ್ಲಿ ಉಳಿಸಿ ಚಿಲ್ಲರೆ ಕಾಸು ಕೂಡಿಸಿ ಅವಳನ್ನು ಕಳಿಸಿದರಂತೆ. ೨೦೨೨ರಲ್ಲಿ ಒಂದು ಮದುವೆಮನೆಯಲ್ಲಿ ಸಿಕ್ಕಳು. ಈಗ ಹೈಸ್ಕೂಲಿನಲ್ಲಿ ಟೀಚರು. ಅಷ್ಟರಲ್ಲಿ ಸಿದ್ದಿಯರೊಬ್ಬರು ವಿಧಾನ ಪರಿಷತ್ತನ್ನೂ ಪ್ರವೇಶಿಸಿದ್ದರು. ಅದು ೨೦೨೦ರ ಮಾತು. ನಾನು ಸಂಭ್ರಮದಿಂದ ಆ ಮಾತೆತ್ತಿದೆ. ಅವಳು ನಕ್ಕು, "ಹೌದು ಸರ್, ಖುಷಿಯಾಯ್ತು. ಆದರೆ ನಮ್ಮ ಕೇರಿಗೆ ಇವತ್ತಿಗೂ ಇರೋದು ಒಂದೇ ಸಂಬಳ ಚೀಟಿ, ನಂದು" ಎಂದಳು. ನಾಲ್ಕು ಸಾಲಗಳಿಗೆ ಅವಳೇ ಜಾಮೀನು. ಆಸ್ಪತ್ರೆಗೆ, ಮದುವೆಗೆ, ಮಾಡಿಗೆ ಎಲ್ಲರೂ ಅವಳ ಬಾಗಿಲಿಗೇ ಬರುತ್ತಾರೆ. ಇಲ್ಲವೆನ್ನುವ ಹಾಗಿಲ್ಲ, ಓದಿಸಿದವರು ಅವರೇ. ಅವಳ ಸ್ವಂತ ಮನೆಯ ಗೋಡೆ ಮಾತ್ರ ಮೂರು ವರ್ಷದಿಂದ ಅರ್ಧಕ್ಕೇ ನಿಂತಿದೆ. ನಂಬಿಕೆಯ ಬಂಡವಾಳಕ್ಕೆ ಬಡ್ಡಿಯೂ ಉಂಟು ಎಂಬುದು ನನಗೆ ಆಗ ತಿಳಿಯಿತು.

ಹೊರಡುವಾಗ ಅವಳು ಸ್ವಲ್ಪ ತಡೆದು, "ಕೇರಿಯ ಹುಡುಗನೊಬ್ಬ ಆಟೋ ತಗೊಳ್ತಾನಂತೆ. ನಾನೊಂದು ರುಜು ಹಾಕಿದ್ದೇನೆ. ಇನ್ನೊಬ್ಬರು ಬೇಕು ಸರ್" ಎಂದಳು. ಹಳೆಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮರುದಿನ ಹೋಗಿ ರುಜು ಹಾಕಿ ಬಂದೆ. ಹುಡುಗ ಇವತ್ತಿನವರೆಗೆ ಒಂದು ಕಂತೂ ತಪ್ಪಿಸಿಲ್ಲ. ತಪ್ಪಿಸಿದ್ದರೂ ನಾನು ದೂರುತ್ತಿರಲಿಲ್ಲ. ಹದಿಮೂರು ವರ್ಷದ ಬಾಕಿ ನನ್ನ ಲೆಕ್ಕದಲ್ಲಿ ಇನ್ನೂ ಉಳಿದೇ ಇದೆ.