ಚಿತ್ರದೊಳಗಿನ ಸೂರು

ನಮ್ಮ ತಾತನವರ ಹಳೆಯ ಆಲ್ಬಮ್ಮಿನಲ್ಲಿ ಇಂಗ್ಲೆಂಡಿನ ಕೊವೆಂಟ್ರಿ ನಗರದ ಛಾಯಾಚಿತ್ರವೊಂದಿದೆ. ಸಂತ ಮೈಕೇಲರ ಕೆಥೀಡ್ರಲ್ ಇಗರ್ಜಿಯ ಮುಂದೆ ನಗುತ್ತ ನಿಂತ ತರುಣ ವಿದ್ಯಾರ್ಥಿ ಅವರೇ. ಹಿಂಬದಿಯಲ್ಲಿ ಅವರದೇ ಅಕ್ಷರ: ‘1938. ಮಳೆ ಬಂದಿತು, ಒಳಹೊಕ್ಕು ನೆನೆಯದೆ ಉಳಿದೆವು.’ ಆ ಬಹುವಚನದ ಇನ್ನೊಬ್ಬ, ಚಿತ್ರ ತೆಗೆದ ಮನೆಯೊಡತಿಯ ಮಗ.

1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಸುರಿದ ಬೆಂಕಿಗೆ ಇಗರ್ಜಿಯ ಛಾವಣಿ ಸುಟ್ಟುಬಿದ್ದಿತು. ಗೋಪುರವೂ ಹೊರಗೋಡೆಗಳೂ ಉಳಿದುವು. ಆ ಬಳಿಕ ಗೆಳೆಯನಿಂದ ಕಾಗದ ಬರಲೇ ಇಲ್ಲವಂತೆ. ಹಾಳನ್ನು ಹಾಗೆಯೇ ಕಾಪಾಡಿ, ಪಕ್ಕದಲ್ಲಿ ಕಟ್ಟಿದ ಹೊಸ ಇಗರ್ಜಿ 1962ರಲ್ಲಿ ಪ್ರತಿಷ್ಠೆಗೊಂಡಿತು.

ಕಳೆದ ವರ್ಷ ಚಿತ್ರವನ್ನು ಹಿಡಿದು ಅಲ್ಲಿಗೆ ಹೋದೆ. ಗೋಪುರವನ್ನು ಕಂಡೊಡನೆಯೇ ಗುರುತಿಸಿದೆ. ಅಷ್ಟರಲ್ಲಿ ಮಳೆ ಹನಿಯಿತು. ತಾತನವರಂತೆಯೇ ಒಳಹೊಕ್ಕೆ; ತಲೆಯ ಮೇಲೆ ಬರಿಯ ಆಕಾಶ! ಚಿತ್ರವನ್ನು ಕೋಟಿನೊಳಗೆ ಅವಿತಿಟ್ಟುಕೊಂಡೆ. ಆ ಇಬ್ಬರನ್ನು ಕಾದ ಸೂರು ಈಗ ಉಳಿದಿರುವುದು ಅದೊಂದರಲ್ಲೇ.